ಕೆಂಪು ಕಟ್ಟಡದ ಸಂಜೆ ತರಗತಿಗಳು

ಜನಕಪುರಿಯ ಡಿಸ್ಟ್ರಿಕ್ಟ್ ಸೆಂಟರಿನ ಕಡೆ ಒಂದು ಸುತ್ತು ಹಾಕಿ ಬಂದರೆ ಸಾಕು, ನಮ್ಮ ಮಕ್ಕಳ ಮುಂದೆ ಎಂಥೆಂಥ ಪರೀಕ್ಷೆಗಳಿವೆ ಎಂಬುದು ಕೋಚಿಂಗ್ ಕ್ಲಾಸಿನ ಬೋರ್ಡುಗಳಿಂದಲೇ ತಿಳಿಯುತ್ತದೆ. ಕ್ಯಾಟ್ ಅಂತೆ, ಮ್ಯಾಟ್ ಅಂತೆ. ಕನ್ನಡದಲ್ಲಿ ಬೆಕ್ಕು, ಚಾಪೆ ಎಂದು ಬರೆದು ತೂಗುಹಾಕಿದರೆ ಯಾರಾದರೂ ಒಳಗೆ ಕಾಲಿಟ್ಟಾರೆಯೇ! ಅದಿರಲಿ. ರಾಜ್ಯೋತ್ಸವಕ್ಕೋ ಯುಗಾದಿ ಊಟಕ್ಕೋ ಸೇರಿದಾಗ ನಮ್ಮ ಬಳಗದ ಹುಡುಗ ಹುಡುಗಿಯರು ನನ್ನನ್ನು ಹಿಡಿದು ನಿಲ್ಲಿಸುತ್ತಾರೆ. "ಅಂಕಲ್, ನೀವು ಎಫ್‌ಎಂಎಸ್‌ನಲ್ಲಿ ಓದಿದ್ದಂತೆ. ಈ ಸಲ ಕಟಾಫ್ ಎಷ್ಟಾಗಬಹುದು? ಪ್ಯಾಕೇಜ್ ಎಷ್ಟು ಸಿಗುತ್ತೆ?" ಈ ಎರಡಕ್ಕೂ ಉತ್ತರ ನಿಮ್ಮ ಕೈಯಲ್ಲಿರುವ ಫೋನಿನಲ್ಲೇ ಇದೆ. ನಾನು ಹೇಳಬೇಕೆಂದು ಕೂತಿರುವುದು ಯಾರೂ ಕೇಳದ ಮೂರನೆಯ ಪ್ರಶ್ನೆಗೆ ಉತ್ತರ. ಆ ಶಾಲೆ ಯಾಕೆ ಹುಟ್ಟಿತು, ಯಾರಿಗಾಗಿ ಹುಟ್ಟಿತು ಎಂಬುದು. ಕನ್ನಡ ಓದುವುದು ನಿಧಾನವಾಗುವವರಿಗೆ ಅಪ್ಪ ಅಮ್ಮ ಯಾರಾದರೂ ಓದಿ ಹೇಳಲಿ. ಅವರಿಗೂ ಒಂದಿಷ್ಟು ಹಳೆಯ ದಿನಗಳು ನೆನಪಾದಾವು.

ಎಫ್‌ಎಂಎಸ್ ಎಂದರೆ ಫ್ಯಾಕಲ್ಟಿ ಆಫ್ ಮ್ಯಾನೇಜ್‌ಮೆಂಟ್ ಸ್ಟಡೀಸ್, ದೆಹಲಿ ವಿಶ್ವವಿದ್ಯಾಲಯದ ವ್ಯವಹಾರ ನಿರ್ವಹಣಾ ವಿಭಾಗ. ಉತ್ತರ ಕ್ಯಾಂಪಸ್ಸಿನಲ್ಲಿ ಅದಕ್ಕೊಂದು ಕೆಂಪು ಕಟ್ಟಡವಿದೆ. ವಿದ್ಯಾರ್ಥಿಗಳು ಅದನ್ನು 'ಕನಸುಗಳ ಕೆಂಪು ಕಟ್ಟಡ' ಎಂದು ಕರೆಯುವುದುಂಟು. ಶಾಲೆ ಶುರುವಾದದ್ದು 1954ರಲ್ಲಿ. ಆದರೆ ಆಗ ಅದಕ್ಕೆ ಸ್ವಂತ ಸೂರು ಇರಲಿಲ್ಲ. ಪಕ್ಕದ ಡೆಲ್ಲಿ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಆವರಣದಲ್ಲಿ, ದೊಡ್ಡ ಮನೆಯ ಹೊರಕೋಣೆಯಲ್ಲಿ ಇಳಿದುಕೊಂಡ ನೆಂಟನ ಹಾಗೆ ಅದು ತನ್ನ ಸಂಸಾರ ಆರಂಭಿಸಿತು. ಈ ದೊಡ್ಡ ಮನೆಯ ಯಜಮಾನನ ಹೆಸರನ್ನು ನೀವು ತಿಳಿದಿರಲೇಬೇಕು. ಯಾಕೆಂದರೆ ಅವರಿಗೂ ನಮ್ಮ ನಾಡಿಗೂ ಗಟ್ಟಿ ನಂಟು.

ವಿಜಯೇಂದ್ರ ಕಸ್ತೂರಿ ರಂಗ ವರದರಾಜ ರಾವ್. ಇಷ್ಟುದ್ದದ ಹೆಸರನ್ನು ಹೇಳಿ ಮುಗಿಸುವಷ್ಟರಲ್ಲಿ ಬಸ್ಸು ತಪ್ಪೀತೆಂದೋ ಏನೋ, ಎಲ್ಲರೂ ವಿ.ಕೆ.ಆರ್.ವಿ. ರಾವ್ ಎಂದೇ ಕರೆದರು. 1908ರಲ್ಲಿ ಕಂಚಿಯಲ್ಲಿ ಹುಟ್ಟಿ, ಕೇಂಬ್ರಿಜ್‌ನಲ್ಲಿ ಓದಿ, ಭಾರತದ ರಾಷ್ಟ್ರೀಯ ಆದಾಯ ಎಷ್ಟು ಎಂಬುದನ್ನು ಬ್ರಿಟಿಷರ ಕಾಲದಲ್ಲೇ ಲೆಕ್ಕಹಾಕಿ ತೋರಿಸಿದ ಅರ್ಥಶಾಸ್ತ್ರಜ್ಞ. 1942ರಲ್ಲಿ ದೆಹಲಿ ವಿಶ್ವವಿದ್ಯಾಲಯಕ್ಕೆ ಪ್ರಾಧ್ಯಾಪಕರಾಗಿ ಬಂದರು. 1949ರಲ್ಲಿ ಡೆಲ್ಲಿ ಸ್ಕೂಲ್ ಕಟ್ಟಿದರು. 1957ರಿಂದ 1960ರವರೆಗೆ ಇದೇ ವಿಶ್ವವಿದ್ಯಾಲಯದ ಉಪಕುಲಪತಿ. ಆಮೇಲೆ ರಾಜಕೀಯ. 1967ರಲ್ಲಿಯೂ 1971ರಲ್ಲಿಯೂ ನಮ್ಮ ಬಳ್ಳಾರಿಯಿಂದ ಲೋಕಸಭೆಗೆ ಆರಿಸಿ ಬಂದು ಕೇಂದ್ರದಲ್ಲಿ ಸಾರಿಗೆ ಮತ್ತು ಹಡಗು ಖಾತೆ, ಆನಂತರ ಶಿಕ್ಷಣ ಖಾತೆ ನೋಡಿಕೊಂಡರು. ಅಷ್ಟಕ್ಕೇ ಸುಮ್ಮನಾಗದೆ 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯನ್ನು, ಎಂದರೆ ನಾಗರಭಾವಿಯ ಐಸೆಕ್ ಅನ್ನು ಸ್ಥಾಪಿಸಿದರು. ಅಲ್ಲಿನ ಗ್ರಂಥಾಲಯಕ್ಕೆ ಅವರದೇ ಹೆಸರು. 1991ರಲ್ಲಿ ತೀರಿಕೊಂಡರು. ನಮ್ಮಲ್ಲಿ ಒಂದು ಮನೆ ಕಟ್ಟುವಷ್ಟರಲ್ಲಿ ಹೈರಾಣಾಗುವವರೇ ಹೆಚ್ಚು. ಈ ಪುಣ್ಯಾತ್ಮ ಒಂದಾದ ಮೇಲೊಂದರಂತೆ ಸಂಸ್ಥೆಗಳನ್ನೇ ಕಟ್ಟುತ್ತ ಹೋದರು.

ವ್ಯವಹಾರ ಶಾಲೆಯನ್ನು ಮುಂದೆ ನಿಂತು ನಡೆಸಿದವರು ಪ್ರೊ. ಎ. ದಾಸಗುಪ್ತ. ಅಮೆರಿಕದ ಎಂಐಟಿ, ಹಾರ್ವರ್ಡ್‌ಗಳಲ್ಲಿ ತರಬೇತಿ ಪಡೆದು ಬಂದವರು. ಅಮೆರಿಕದಲ್ಲಿ ಈ ವಿದ್ಯೆ ಹಳೆಯದು. ಕಬ್ಬಿಣ, ನಿಕ್ಕಲ್ ವ್ಯಾಪಾರದಲ್ಲಿ ಹಣ ಮಾಡಿದ ಜೋಸೆಫ್ ವಾರ್ಟನ್ ಎಂಬಾತ ಒಂದು ಲಕ್ಷ ಡಾಲರ್ ದಾನ ಕೊಟ್ಟು 1881ರಲ್ಲೇ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದಲ್ಲಿ ಇಂಥ ಶಾಲೆ ತೆರೆಸಿದ್ದ. ಹಾರ್ವರ್ಡ್ 1908ರಲ್ಲಿ ಶುರುಮಾಡಿ ಎಂಬಿಎ ಎಂಬ ಪದವಿಯನ್ನೇ ಹುಟ್ಟುಹಾಕಿತು. ನಮ್ಮಲ್ಲಿ ಆ ಹೊತ್ತಿಗೆ ಇದ್ದದ್ದು ಕಾಮರ್ಸ್ ಕಾಲೇಜುಗಳು. ಮುಂಬಯಿಯ ಸಿಡನ್‌ಹ್ಯಾಮ್ 1913ರದು, ದೆಹಲಿಯ ಶ್ರೀರಾಮ್ ಕಾಲೇಜು 1926ರದು. ಅಲ್ಲಿ ಕಲಿಸುತ್ತಿದ್ದುದು ಮುಖ್ಯವಾಗಿ ಲೆಕ್ಕ ಬರೆಯುವುದನ್ನು, ವಾಣಿಜ್ಯದ ಕಾಯಿದೆ ಕಾನೂನುಗಳನ್ನು. ಕಾರ್ಖಾನೆಯೊಂದನ್ನು ನಡೆಸುವುದು ಹೇಗೆ ಎಂಬುದು ಮನೆಯ ಹಿರಿಯರಿಂದ ಕಲಿಯುವ ವಿದ್ಯೆ ಎಂದೇ ಎಲ್ಲರ ಭಾವನೆ. ಸೇಠ್‌ಜಿಯ ಮಗ ಸೇಠ್‌ಜಿ, ಮುನೀಮನ ಮಗ ಮುನೀಮ.

ಸ್ವಾತಂತ್ರ್ಯ ಬಂದದ್ದೇ ಈ ಲೆಕ್ಕಾಚಾರ ತಲೆಕೆಳಗಾಯಿತು. ಸರಕಾರವೇ ಸೇಠ್‌ಜಿಯಾಯಿತು! ನಮ್ಮ ಬೆಂಗಳೂರನ್ನೇ ತೆಗೆದುಕೊಳ್ಳಿ. ವಿಮಾನದ ಕಾರ್ಖಾನೆ 1940ರಲ್ಲೇ ಬಂದಿತ್ತು. ಟೆಲಿಫೋನ್ ಮಾಡುವ ಐಟಿಐ 1948ರಲ್ಲಿ, ಎಚ್‌ಎಂಟಿ 1953ರಲ್ಲಿ, ಬಿಇಎಲ್ 1954ರಲ್ಲಿ ಬಂದವು. 1956ರಲ್ಲಿ ಎರಡನೆಯ ಪಂಚವಾರ್ಷಿಕ ಯೋಜನೆ ಶುರುವಾದ ಮೇಲಂತೂ ಉಕ್ಕು, ಯಂತ್ರ, ಗೊಬ್ಬರ ಎಲ್ಲವೂ ಸರಕಾರದ್ದೇ. ಇವನ್ನೆಲ್ಲ ನಡೆಸುವವರು ಯಾರು? ಇಂಜಿನಿಯರಿಗೆ ಯಂತ್ರ ಗೊತ್ತು, ಮನುಷ್ಯರ ವಿಷಯ ಗೊತ್ತಿಲ್ಲ. ಐಸಿಎಸ್ ಅಧಿಕಾರಿಗೆ ಫೈಲು ಗೊತ್ತು, ಮಾರುಕಟ್ಟೆ ಗೊತ್ತಿಲ್ಲ. ಸರಕಾರ 1957ರಲ್ಲಿ ಇಂಡಸ್ಟ್ರಿಯಲ್ ಮ್ಯಾನೇಜ್‌ಮೆಂಟ್ ಪೂಲ್ ಎಂಬ ಒಂದು ವ್ಯವಸ್ಥೆ ಮಾಡಿ, ತನ್ನ ಉದ್ಯಮಗಳಿಗೆ ಬೇಕಾದ ಅಧಿಕಾರಿಗಳನ್ನು ಆರಿಸಲು ನೋಡಿತು. ಅದು ಬೇರೂರಲಿಲ್ಲ. ಆದರೆ ಆಗ ಎಂಥ ಜನರ ಅಭಾವವಿತ್ತು ಎಂಬುದಕ್ಕೆ ಅದೇ ಸಾಕ್ಷಿ.

ಈ ಅಭಾವಕ್ಕೆ ಅಲ್ಲಲ್ಲಿ ಉತ್ತರ ಹುಡುಕುತ್ತಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ (ನಾವು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುತ್ತೇವಲ್ಲ, ಅದೇ) 1940ರ ದಶಕ ಮುಗಿಯುವ ಮೊದಲೇ ಇದರ ಬೀಜ ಬಿದ್ದಿತ್ತು. ಜಮ್‌ಷೆಡ್‌ಪುರದಲ್ಲಿ 1949ರಲ್ಲಿ ಜೆಸ್ಯೂಟ್ ಪಾದ್ರಿಗಳು ಎಕ್ಸ್‌ಎಲ್‌ಆರ್‌ಐ ತೆರೆದರು. ಕಲ್ಕತ್ತೆಯಲ್ಲಿ 1953ರಲ್ಲಿ ಸಮಾಜ ಕಲ್ಯಾಣ ಮತ್ತು ವ್ಯವಹಾರ ನಿರ್ವಹಣೆ ಎರಡನ್ನೂ ಒಂದೇ ಹೆಸರಿನಲ್ಲಿ ಇಟ್ಟುಕೊಂಡ ಸಂಸ್ಥೆಯೊಂದು ಬಂತು. ಮರುವರ್ಷ ದೆಹಲಿ. ನೀವೆಲ್ಲ ಮಂತ್ರದಂತೆ ಜಪಿಸುವ ಐಐಎಂಗಳು ಆಗ ಹುಟ್ಟಿಯೇ ಇರಲಿಲ್ಲ. ಕಲ್ಕತ್ತ, ಅಹಮದಾಬಾದು ಎರಡೂ 1961ರವು. ಬೆಂಗಳೂರಿನದು 1973ರದು.

ಇಲ್ಲಿ ಒಂದು ವಿಷಯವನ್ನು ತಡೆದು ನಿಂತು ನೋಡಬೇಕು. ದೆಹಲಿಯ ಶಾಲೆ ಮೊದಲು ತೆರೆದದ್ದು ಕೆಲಸದಲ್ಲಿರುವವರಿಗಾಗಿ, ಸಂಜೆಯ ಹೊತ್ತು. ಈಗ ಎಲ್ಲರೂ ಮುಗಿಬೀಳುವ ಹಗಲಿನ ಎರಡು ವರ್ಷದ ಎಂಬಿಎ ಬಂದದ್ದು 1967ರಲ್ಲಿ. ಎಂದರೆ ಮೊದಲ ಹನ್ನೆರಡು ಹದಿಮೂರು ವರ್ಷ ಅದು ಆಫೀಸು, ಕಾರ್ಖಾನೆ, ಬ್ಯಾಂಕು ಮುಗಿಸಿಕೊಂಡು ಬರುವವರ ಶಾಲೆ. ಇದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ರಾವ್ ಅವರು ಉಪಕುಲಪತಿಯಾಗಿದ್ದ ಕಾಲದಲ್ಲೇ, 1958ರಲ್ಲಿ, ದಯಾಳ್ ಸಿಂಗ್, ದೇಶಬಂಧು ಮೊದಲಾದ ಕಡೆ ಸಂಜೆ ಕಾಲೇಜುಗಳು ತೆರೆದವು. 1962ರಲ್ಲಿ ಇದೇ ವಿಶ್ವವಿದ್ಯಾಲಯ ದೇಶದಲ್ಲೇ ಮೊದಲ ಬಾರಿಗೆ ಅಂಚೆ ಮೂಲಕ ಪಾಠ ಶುರುಮಾಡಿತು. ದೇಶ ವಿಭಜನೆಯಾಗಿ ಬಂದ ನಿರಾಶ್ರಿತರು, ಊರು ಬಿಟ್ಟು ಬಂದ ಗುಮಾಸ್ತರು, ಹಗಲು ದುಡಿಯದಿದ್ದರೆ ರಾತ್ರಿ ಒಲೆ ಹೊತ್ತದವರು ತುಂಬಿದ್ದ ಊರು ಇದು. ಅಂಥವರಿಗೂ ವಿದ್ಯೆಯ ಬಾಗಿಲು ತೆರೆದಿರಬೇಕೆಂದು ಆ ತಲೆಮಾರಿನವರು ಎಣಿಸಿದ್ದರು.

ಅಂಥ ಗುಮಾಸ್ತರಲ್ಲಿ ನಾನೂ ಒಬ್ಬ. ಹಾಸನದ ಕಡೆಯಿಂದ ಬಿ.ಕಾಂ. ಮುಗಿಸಿ ಬಂದು ಒಂದು ಸಾರ್ವಜನಿಕ ಉದ್ಯಮದ ಲೆಕ್ಕಪತ್ರ ವಿಭಾಗಕ್ಕೆ ಸೇರಿದ್ದೆ. ಜನಕಪುರಿಯಲ್ಲಿ ಡಿಡಿಎ ಫ್ಲಾಟು. ಏಷ್ಯಾದಲ್ಲೇ ದೊಡ್ಡ ಕಾಲೊನಿ ಎಂದು ನೆರೆಯ ಪಂಜಾಬಿಗಳು ಕೊಚ್ಚಿಕೊಳ್ಳುತ್ತಿದ್ದ ಕಾಲ. ಬೇಸಿಗೆಯಲ್ಲಿ ನೀರಿಲ್ಲದಿದ್ದರೂ ಹೆಮ್ಮೆಗೇನೂ ಕಡಿಮೆಯಿರಲಿಲ್ಲ. ನಮ್ಮ ಆಫೀಸಿನಲ್ಲಿ ಮೇಲಿನ ಕುರ್ಚಿಗಳೆಲ್ಲ ಇಂಜಿನಿಯರುಗಳಿಗೆ. ಲೆಕ್ಕದವರು ಲೆಕ್ಕ ಬರೆದು ಒಪ್ಪಿಸುವುದಷ್ಟೇ. ತಪ್ಪು ಕಂಡರೂ "ಇದು ನಿಮ್ಮ ಕೆಲಸವಲ್ಲ" ಎಂಬ ಮಾತು. ಅದೇ ಚುಚ್ಚಿ ಚುಚ್ಚಿ 1986ರಲ್ಲಿ ಸಂಜೆ ತರಗತಿಯ ಪ್ರವೇಶ ಪರೀಕ್ಷೆಗೆ ಕೂತೆ. ಸೀಟು ಸಿಕ್ಕಿತು. ಮನೆಯಲ್ಲಿ ಹೇಳಿದಾಗ ನನ್ನವಳು ಮಗುವಿನ ಸ್ವೆಟರ್ ಹೆಣೆಯುತ್ತ ಕೂತಿದ್ದವಳು ತಲೆಯೆತ್ತಿ, "ಮೂರು ವರ್ಷ ಅಂದ್ರೆ ಇವಳು ಸ್ಕೂಲಿಗೆ ಸೇರೋ ಹೊತ್ತಿಗೆ ನಿಮ್ಮ ಸ್ಕೂಲು ಮುಗಿಯುತ್ತೆ ಅನ್ನಿ" ಎಂದಳು. ಅಷ್ಟೇ ಒಪ್ಪಿಗೆ. ಆ ಮೂರು ವರ್ಷ ಸಂಜೆಯ ಹಾಲು, ರೇಷನ್ನು, ಮಗುವಿನ ಜ್ವರ ಎಲ್ಲವನ್ನೂ ಅವಳೊಬ್ಬಳೇ ನೋಡಿಕೊಂಡಳು. ಪದವಿ ಪತ್ರದಲ್ಲಿ ಒಬ್ಬರ ಹೆಸರು ಮಾತ್ರ ಬರೆಯುತ್ತಾರೆ, ಏನು ಮಾಡುವುದು.

ಆಗ ಮೆಟ್ರೋ ಎಲ್ಲಿತ್ತು! ಆಫೀಸಿನಿಂದ ನೇರವಾಗಿ ಉತ್ತರ ಕ್ಯಾಂಪಸ್ಸಿಗೆ ಡಿಟಿಸಿ ಬಸ್ಸಿನಲ್ಲಿ ಜೋತಾಡಿಕೊಂಡು ಹೋಗುವುದು. ಚೀಲದಲ್ಲಿ ಬೆಳಿಗ್ಗೆಯ ಚಿತ್ರಾನ್ನ ಸಂಜೆಗೆ ಕಲ್ಲಾಗಿರುತ್ತಿತ್ತು. ತರಗತಿ ಮುಗಿದ ಮೇಲೆ ಮಾಲ್ ರೋಡಿನಲ್ಲಿ ಮುದ್ರಿಕಾ ಹಿಡಿಯಬೇಕು. ಮುದ್ರಿಕಾ ಎಂದರೆ ರಿಂಗ್ ರೋಡಿನಲ್ಲಿ ಸುತ್ತುತ್ತಲೇ ಇರುವ ಬಸ್ಸು. ನಿದ್ದೆ ಹತ್ತಿದರೆ ಇಡೀ ದೆಹಲಿಯ ಪ್ರದಕ್ಷಿಣೆ ಖಂಡಿತ. ಆಜಾದ್‌ಪುರ, ಪಂಜಾಬಿ ಬಾಗ್ ದಾಟಿ ರಾಜಾ ಗಾರ್ಡನ್‌ನಲ್ಲಿ ಇಳಿದು, ಅಲ್ಲಿಂದ ತಿಲಕ್ ನಗರದ ಕಡೆಯ ಇನ್ನೊಂದು ಬಸ್ಸು. ಡಿಸೆಂಬರ್ ಜನವರಿಯ ಮಂಜಿನಲ್ಲಿ ಬಸ್ಸಿನ ನಂಬರು ಮೂಗಿಗೆ ತಾಗುವವರೆಗೂ ಕಾಣುತ್ತಿರಲಿಲ್ಲ.

ತರಗತಿಯಲ್ಲಿ ನನ್ನ ಅಕ್ಕಪಕ್ಕ ಕೂರುತ್ತಿದ್ದವರು ಯಾರು ಗೊತ್ತೇ? ನಿವೃತ್ತಿಗೆ ಬಂದಿದ್ದ ಒಬ್ಬ ಮೇಜರ್ ಸಾಹೇಬರು, ಫರೀದಾಬಾದಿನ ಕಾರ್ಖಾನೆಯ ಒಬ್ಬ ಇಂಜಿನಿಯರು, ಔಷಧ ಮಾರುವ ಒಬ್ಬ ಪ್ರತಿನಿಧಿ, ಒಂದಿಬ್ಬರು ಬ್ಯಾಂಕಿನವರು. ಎಲ್ಲರ ಮುಖದಲ್ಲೂ ದಿನದ ದಣಿವು. ಆದರೆ ಚರ್ಚೆ ಶುರುವಾಯಿತೆಂದರೆ ನಿದ್ದೆ ಹಾರಿಹೋಗುತ್ತಿತ್ತು. ಮೇಷ್ಟರು ಪುಸ್ತಕದಿಂದ ಮುಷ್ಕರದ ಬಗ್ಗೆ ಹೇಳಿದರೆ, ಇಂಜಿನಿಯರು "ಸಾರ್, ನಮ್ಮಲ್ಲಿ ಇದು ಹೋದ ವಾರವೇ ಆಯಿತು" ಎಂದು ಎದ್ದು ನಿಲ್ಲುತ್ತಿದ್ದ. ಹಾರ್ವರ್ಡಿನಿಂದ ಬಂದದ್ದೆಂದು ಹೇಳುವ 'ಕೇಸ್' ಪದ್ಧತಿ ನಮ್ಮ ತರಗತಿಗೆ ಹಾಳೆಯ ಮೇಲೆ ಅಚ್ಚಾಗಿ ಬರುತ್ತಿರಲಿಲ್ಲ, ಫರೀದಾಬಾದಿನ ಬಸ್ಸಿನಲ್ಲಿ ಬರುತ್ತಿತ್ತು. ಕಾಲೇಜು ಮುಗಿಸಿದ ಕೂಡಲೇ, ಒಂದು ದಿನವೂ ದುಡಿಯದೆ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಎಂಬಿಎ ಕೂರುವವರನ್ನು ಕಂಡಾಗ ನನಗೆ ಸ್ವಲ್ಪ ಅಯ್ಯೋ ಅನಿಸುತ್ತದೆ. ನೆನಸದ ಅಕ್ಕಿಯನ್ನು ರುಬ್ಬಲು ಹಾಕಿದ ಹಾಗೆ. ಕಲ್ಲು ತಿರುಗುತ್ತದೆ, ಸದ್ದೂ ಆಗುತ್ತದೆ, ಹಿಟ್ಟು ಮಾತ್ರ ತರಿತರಿ.

ನನ್ನ ಸರದಿ ಬಂದಾಗ ನಾನು ಹೇಳಿದ್ದು ಉಡುಪಿಯ ಕಥೆ. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ದೆಹಲಿಯಲ್ಲಿ ಬೆಳೆದ ನಿಮಗೆ ಉಡುಪಿ ಎಂದರೆ ದೋಸೆ ಮಾತ್ರ. 1925ರಲ್ಲಿ ಉಪೇಂದ್ರ ಅನಂತ ಪೈ, ಡಾಕ್ಟರ್ ಟಿ.ಎಂ.ಎ. ಪೈ, ವಾಮನ ಕುಡ್ವ ಸೇರಿ ಅಲ್ಲೊಂದು ಬ್ಯಾಂಕು ತೆರೆದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದದ್ದು ಅದೇ. ಸುತ್ತಲಿನ ಜನರ ಕೈಯಲ್ಲಿ ಹಣವೆಲ್ಲಿತ್ತು? ನೇಕಾರ, ಮೀನು ಮಾರುವಾಕೆ, ಸಣ್ಣ ಅಂಗಡಿಯವ. ಇವರು ಬ್ಯಾಂಕಿನ ಮೆಟ್ಟಿಲು ಹತ್ತುವವರಲ್ಲ. ಹಾಗಾದರೆ ಬ್ಯಾಂಕೇ ಅವರ ಜಗಲಿಗೆ ಹೋಗಲಿ ಎಂದು 1928ರಲ್ಲಿ 'ಪಿಗ್ಮಿ' ಠೇವಣಿ ಶುರುಮಾಡಿದರು. ದಿನಕ್ಕೆ ಎರಡಾಣೆ ಕೊಟ್ಟರೂ ಸರಿ, ಏಜೆಂಟು ಮನೆಬಾಗಿಲಿಗೆ ಬಂದು ಪಡೆದು ಪುಸ್ತಕದಲ್ಲಿ ಬರೆದು ಹೋಗುತ್ತಾನೆ. ಇದನ್ನು ಹೇಳಿ ಮುಗಿಸಿ ನಾನು ಬಹಳ ಹೆಮ್ಮೆಯಿಂದ ಕೂತೆ. ಮೇಷ್ಟರು ಮೆಚ್ಚಿದರು. ಮೆಚ್ಚಿ ಆಮೇಲೆ ಕೇಳಿದರು: "ಎರಡಾಣೆ ತರಲು ಏಜೆಂಟಿಗೆ ಎಷ್ಟು ಖರ್ಚು? ಒಂದು ಬೀದಿಯಲ್ಲಿ ಎಷ್ಟು ಮನೆ ಸಿಕ್ಕರೆ ಅವನ ಕಾಲ್ನಡಿಗೆ ಗಿಟ್ಟುತ್ತದೆ? ಮಳೆಗಾಲದಲ್ಲಿ ಮೀನುಗಾರಿಕೆ ನಿಂತಾಗ ಏನಾಗುತ್ತದೆ?" ಎಂದು.

ಒಂದು ವಾರ ತಲೆಕೆಡಿಸಿಕೊಂಡೆ. ಪಂಖಾ ರೋಡಿನ ತರಕಾರಿಯವನ ಪಕ್ಕ ನಿಂತು, ಅವನಲ್ಲಿ ದಿನದ ಚೀಟಿ ಹಣ ವಸೂಲಿ ಮಾಡಲು ಬರುವವನು ಒಂದು ಗಂಟೆಯಲ್ಲಿ ಎಷ್ಟು ಗಾಡಿ ಮುಟ್ಟುತ್ತಾನೆಂದು ಎಣಿಸಿದೆ. ಹಾಗೆ ಎಣಿಸುವಾಗ ಹೊಳೆದದ್ದು, ಈ ವಿದ್ಯೆಯ ತಿರುಳು ಏಜೆಂಟನ ಕಾಲಿನಲ್ಲಿದೆ ಎಂಬುದು. ನಾನು ಹತ್ತು ವರ್ಷ ಬರೆದಿದ್ದ ಲೆಜರಿನ ಪ್ರತಿಯೊಂದು ಸಾಲಿನ ಹಿಂದೆಯೂ ಎಲ್ಲೋ ಯಾರೋ ನಡೆದಿದ್ದಾರೆ, ಹೊತ್ತಿದ್ದಾರೆ, ಕಾದಿದ್ದಾರೆ. ಮರುದಿನದಿಂದ ಆಫೀಸಿನಲ್ಲಿ ಸ್ಟೋರ್ಸಿಗೆ, ಗೋಡೌನಿಗೆ ಸುಮ್ಮನೆ ಹೋಗಿ ನಿಲ್ಲುವ ಅಭ್ಯಾಸ ಹಿಡಿಯಿತು. "ಲೆಕ್ಕದ ಭಟ್ಟರು ಇಲ್ಲಿಗೇಕೆ ಬಂದರು" ಎಂದು ನಕ್ಕವರೇ, ಎರಡು ವರ್ಷ ಕಳೆಯುವಷ್ಟರಲ್ಲಿ ದಾಸ್ತಾನಿನ ವಿಷಯಕ್ಕೆ ನನ್ನನ್ನು ಕರೆದು ಕೇಳುವ ಹಾಗಾಯಿತು. ಬಡ್ತಿ ಸಿಕ್ಕಿತೇ ಎಂದು ಕೇಳುತ್ತೀರಿ. ಸಿಕ್ಕಿತು, ತಡವಾಗಿ.

ಉಡುಪಿಯ ಮಾತು ಬಂದದ್ದರಿಂದ ಇನ್ನೊಂದು. ಡಾಕ್ಟರ್ ಪೈಗಳ ಅಣ್ಣನ ಮಗ ಟಿ.ಎ. ಪೈ ಅದೇ ಬ್ಯಾಂಕನ್ನು ಬೆಳೆಸಿ, 1965ರಲ್ಲಿ ಭಾರತೀಯ ಆಹಾರ ನಿಗಮದ ಮೊದಲ ಅಧ್ಯಕ್ಷರಾಗಿ, ಆಮೇಲೆ ಕೇಂದ್ರ ಮಂತ್ರಿಯಾದವರು. ಬೆಂಗಳೂರಿನ ಐಐಎಂ ಶುರುವಾದಾಗ ಅದರ ಆಡಳಿತ ಮಂಡಳಿಯ ಮೊದಲ ಅಧ್ಯಕ್ಷರೂ ಅವರೇ. ಆ ಸಂಸ್ಥೆಯನ್ನು ಕಟ್ಟಿದ್ದೂ ಮುಖ್ಯವಾಗಿ ಸಾರ್ವಜನಿಕ ಉದ್ಯಮಗಳಿಗೆ ಜನ ಬೇಕೆಂದೇ. 1980ರಲ್ಲಿ ಮಣಿಪಾಲದಲ್ಲಿ ಅವರು ಆರಂಭಿಸಿದ ನಿರ್ವಹಣಾ ಸಂಸ್ಥೆ ಇಂದು ಅವರ ಹೆಸರಿನಲ್ಲೇ ಇದೆ. ನಮ್ಮ ಬಳಗದ ಎಷ್ಟೋ ಹಿರಿಯರು ದೆಹಲಿಗೆ ಬಂದದ್ದೇ ದಕ್ಷಿಣ ಕನ್ನಡದಲ್ಲಿ ಹುಟ್ಟಿದ ನಾಲ್ಕು ಬ್ಯಾಂಕುಗಳ ವರ್ಗಾವಣೆಯ ಮೇಲೆ: ಕೆನರಾ, ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ. ಇವುಗಳಲ್ಲಿ ಈಗ ಹೆಸರು ಉಳಿದಿರುವುದು ಕೆನರಾದ್ದು ಮಾತ್ರ. ವಿಜಯಾ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಳಗೆ ಹೋಯಿತು. 2020ರಲ್ಲಿ ಸಿಂಡಿಕೇಟ್ ಕೆನರಾದಲ್ಲೂ ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನಲ್ಲೂ ಸೇರಿಹೋದವು. ಬೋರ್ಡು ಇಳಿಸಿದ ದಿನ ನಮ್ಮ ಬ್ಲಾಕಿನ ನಿವೃತ್ತ ಮ್ಯಾನೇಜರೊಬ್ಬರು ಊಟ ಬಿಟ್ಟಿದ್ದರು. ಬ್ಯಾಂಕುಗಳ ವಿಲೀನವನ್ನು ನೀವು ತರಗತಿಯಲ್ಲಿ ಓದುವಾಗ ಅವರನ್ನೂ ಒಂದು ಮಾತು ಕೇಳಿ ನೋಡಿ.

'ಮ್ಯಾನೇಜ್‌ಮೆಂಟ್' ಎಂಬ ಮಾತಿಗೆ ಕನ್ನಡದಲ್ಲಿ ಏನೆನ್ನಬೇಕು ಎಂಬ ಜಗಳ ಇನ್ನೂ ಮುಗಿದಿಲ್ಲ. ನಿರ್ವಹಣೆ ಎನ್ನುತ್ತಾರೆ, ಆಡಳಿತ ಎನ್ನುತ್ತಾರೆ. ದೇವಸ್ಥಾನಗಳಲ್ಲಿ ಪಾರುಪತ್ಯ ಎಂಬ ಚೆಂದದ ಮಾತಿತ್ತು, ಪಾರುಪತ್ಯಗಾರ ಎಂದರೆ ಅಕ್ಕಿ ಬೇಳೆಯಿಂದ ಹಿಡಿದು ರಥೋತ್ಸವದವರೆಗೆ ಎಲ್ಲಕ್ಕೂ ಹೊಣೆಗಾರ. ನಮ್ಮ ಆಡುಮಾತಿನಲ್ಲಂತೂ "ಹೇಗೋ ಮ್ಯಾನೇಜ್ ಮಾಡ್ತೀನಿ" ಎಂದರೆ ಇದ್ದುದರಲ್ಲೇ ಸಂಸಾರ ತೂಗಿಸುತ್ತೇನೆ ಎಂದರ್ಥ. ಅಮೆರಿಕದ ಯಾವ ಪಠ್ಯಪುಸ್ತಕಕ್ಕೂ ಕಡಿಮೆಯಿಲ್ಲದ ವ್ಯಾಖ್ಯೆ ಇದು! ನಮ್ಮ ಕನ್ನಡ ಕೂಟಗಳ ವಾರ್ಷಿಕ ಸಭೆಯ ಜಮಾಖರ್ಚನ್ನು ಓದಿದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಶಾಮಿಯಾನದ ಬಾಕಿ, ಜಾಹೀರಾತಿನ ಬಾರದ ಹಣ, ಉಳಿದ ಬಿಸಿಬೇಳೆಬಾತು. ಪದವಿ ಪಡೆದ ಮೇಲೆ ನನ್ನನ್ನು ಹಿಡಿದು ಎಂಟು ವರ್ಷ ಖಜಾಂಚಿ ಮಾಡಿದರು. ಎಂಬಿಎಗೆ ಸಿಕ್ಕ ಮೊದಲ ಬಡ್ತಿ ಅದೇ, ಸಂಬಳವಿಲ್ಲದ್ದು.

ಮತ್ತೆ ಕ್ಯಾಂಪಸ್ಸಿಗೆ ಬರೋಣ. ವ್ಯವಹಾರ ಶಾಲೆಯನ್ನು ಅರ್ಥಶಾಸ್ತ್ರದ ಮನೆಯಲ್ಲಿ ಹುಟ್ಟಿಸಿದ್ದಕ್ಕೆ ಒಂದು ಗುಣವಿತ್ತು. ಅದೇ ಆವರಣದಲ್ಲಿ 1959ರಲ್ಲಿ ಸಮಾಜಶಾಸ್ತ್ರ ವಿಭಾಗ ತೆರೆದವರು ಮೈಸೂರಿನ ಎಂ.ಎನ್. ಶ್ರೀನಿವಾಸ್, ರಾವ್ ಅವರ ಆಹ್ವಾನದ ಮೇಲೆ ಬಂದವರು. ಮೈಸೂರಿನ ಬಳಿಯ ಒಂದು ಹಳ್ಳಿಯಲ್ಲಿ ತಿಂಗಳುಗಟ್ಟಲೆ ಇದ್ದು, ಜಾತಿ ನಿಜವಾಗಿ ಹೇಗೆ ನಡೆಯುತ್ತದೆಂದು ಜಗತ್ತಿಗೆ ತಿಳಿಸಿದವರು. 1972ರಲ್ಲಿ ಅವರೂ ರಾವ್ ಜತೆ ಬೆಂಗಳೂರಿನ ಐಸೆಕ್‌ಗೆ ಹೋದರು. ಅಮರ್ತ್ಯ ಸೇನ್ 1963ರಿಂದ 1971ರವರೆಗೆ ಪಾಠ ಹೇಳಿದ್ದು, ಮನಮೋಹನ್ ಸಿಂಗ್ 1969ರಿಂದ ಎರಡು ವರ್ಷ ಪಾಠ ಹೇಳಿದ್ದು ಇದೇ ಡೆಲ್ಲಿ ಸ್ಕೂಲಿನಲ್ಲಿ. ಲಾಭ ನಷ್ಟದ ಪಾಠ ಮುಗಿಸಿ ಹೊರಬಂದರೆ ಬಡತನದ ಬಗ್ಗೆ, ಹಳ್ಳಿಯ ಬಗ್ಗೆ ಮಾತಾಡುವವರು ಚಹಾ ಕುಡಿಯುತ್ತ ನಿಂತಿರುತ್ತಾರೆ. ಊರ ಹೊರಗೆ ಗೋಡೆ ಕಟ್ಟಿಕೊಂಡು, ಒಳಗೆಲ್ಲ ಒಂದೇ ವಿಷಯ ಓದುವವರಿರುವ ಸಂಸ್ಥೆಗಳಲ್ಲಿ ಈ ಭಾಗ್ಯವಿಲ್ಲ. ವಿಶ್ವವಿದ್ಯಾಲಯದೊಳಗಿನ ವ್ಯವಹಾರ ಶಾಲೆಗೂ ಬಿಡಿಯಾಗಿ ನಿಂತ ಶಾಲೆಗೂ ನಾನು ಕಾಣುವ ವ್ಯತ್ಯಾಸ ಇದು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕೌಸಾಳಿ ಸಂಸ್ಥೆಯಂಥವು ಕೂಡ ಇದೇ ಜಾತಿಯವು. ಊರಿಗೆ ಹೋದಾಗ ನೋಡಿ ಬನ್ನಿ.

ಇನ್ನು ಫೀಸಿನ ವಿಷಯ. ನನ್ನ ಒಂದು ವರ್ಷದ ಫೀಸು ನನ್ನ ಒಂದು ತಿಂಗಳ ಸಂಬಳದೊಳಗೆ ಮುಗಿಯುತ್ತಿತ್ತು. ಸಾಲ ಎಂಬ ಮಾತೇ ಬರಲಿಲ್ಲ. ನನ್ನ ಕಾಲ ಬಿಡಿ, 2010ರ ದಶಕದಲ್ಲೂ ಹಗಲಿನ ಎಂಬಿಎಗೆ ಎರಡು ವರ್ಷಕ್ಕೆ ಸೇರಿ ಸುಮಾರು 21 ಸಾವಿರ ರೂಪಾಯಿ ಇತ್ತು. ಹೋದ ಕೆಲವು ವರ್ಷಗಳಲ್ಲಿ ಅದು ಲಕ್ಷದ ಲೆಕ್ಕಕ್ಕೆ ಏರಿದೆ. ಆದರೂ ದೊಡ್ಡ ಐಐಎಂಗಳಲ್ಲಿ ಎರಡು ವರ್ಷದ ಖರ್ಚು 20 ಲಕ್ಷ ದಾಟುವಾಗ ಇದು ಅಗ್ಗವೇ. ಅಗ್ಗ ಹೇಗಾಯಿತು? ಮಿಕ್ಕದ್ದನ್ನು ಬೇರೆಯವರು ಕೊಡುತ್ತಾರೆ. ಸಾರ್ವಜನಿಕರ ತೆರಿಗೆ ಅದು. ಆ ಪಂಖಾ ರೋಡಿನ ತರಕಾರಿಯವನು ಬೆಂಕಿಪೊಟ್ಟಣ ಕೊಂಡಾಗ ಕೊಟ್ಟ ಪೈಸೆಯೂ ಅದರಲ್ಲಿದೆ.

ಇಲ್ಲಿ ನನಗೂ ನನ್ನ ಮಗಳಿಗೂ ವಾದ. ಅವಳೆನ್ನುತ್ತಾಳೆ, "ಅಪ್ಪ, ಅಲ್ಲಿ ಓದಿದವರು ಮೊದಲ ದಿನದಿಂದಲೇ ಲಕ್ಷಗಟ್ಟಲೆ ಸಂಬಳ ತಗೋತಾರೆ. ಅವರಿಗೆ ಬಡವರ ತೆರಿಗೆಯಿಂದ ಯಾಕೆ ಕೊಡಬೇಕು? ಪೂರ್ತಿ ಫೀಸು ತಗೊಂಡು ಆಗದವರಿಗೆ ಸ್ಕಾಲರ್‌ಶಿಪ್ ಕೊಡಲಿ." ಮಾತಿನಲ್ಲಿ ಹುರುಳಿದೆ, ತಳ್ಳಿಹಾಕುವಂತಿಲ್ಲ. ಆದರೆ ನಾನು ಕಂಡದ್ದು ಬೇರೆ. ಸ್ಕಾಲರ್‌ಶಿಪ್ ಇದೆಯೋ ಇಲ್ಲವೋ ಎಂದು ವಿಚಾರಿಸುವ ಧೈರ್ಯವೂ ಇಲ್ಲದವರು ಫೀಸಿನ ಅಂಕಿ ನೋಡಿಯೇ ಅರ್ಜಿ ಮುಚ್ಚಿಡುತ್ತಾರೆ. ನಾನೂ ಮುಚ್ಚಿಡುತ್ತಿದ್ದೆ. ಸಾಲ ಮಾಡಿ ಓದಿದವನ ಪಾಡೂ ನೋಡಿದ್ದೇನೆ. ನಮ್ಮ ಪರಿಚಯದ ಹುಡುಗನೊಬ್ಬ ಖಾಸಗಿ ಸಂಸ್ಥೆಯೊಂದರಲ್ಲಿ ದೊಡ್ಡ ಸಾಲ ಮಾಡಿ ಎಂಬಿಎ ಓದಿದ. ಅವನಿಗೆ ಒಂದು ಸಹಕಾರಿ ಸಂಸ್ಥೆಯಲ್ಲಿ ಇಷ್ಟದ ಕೆಲಸ ಸಿಕ್ಕಿತ್ತು. ಕಂತು ಕಟ್ಟಬೇಕಲ್ಲ, ಬಿಟ್ಟುಕೊಟ್ಟು ಕ್ರೆಡಿಟ್ ಕಾರ್ಡ್ ಮಾರುವ ಕಂಪನಿಗೆ ಸೇರಿದ. ಯಾವ ಕೆಲಸಕ್ಕೆ ಸೇರಬೇಕೆಂಬುದನ್ನು ಅವನ ಪರವಾಗಿ ಸಾಲವೇ ತೀರ್ಮಾನಿಸಿತು. ಈ ವಾದ ನಮ್ಮ ಮನೆಯಲ್ಲಿ ಇನ್ನೂ ಮುಗಿದಿಲ್ಲ. ಚಪಾತಿ ತಣ್ಣಗಾಗುವವರೆಗೂ ನಡೆಯುತ್ತದೆ.

ಅಲ್ಲಿ ಸೀಟು ಸಿಗದಿದ್ದರೆ ಬದುಕು ಮುಗಿಯಿತೆಂದು ಮುಖ ಸಣ್ಣ ಮಾಡಬೇಡಿ. ಮೊದಲು ಆ ಶಾಲೆಗೆ ತನ್ನದೇ ಪ್ರವೇಶ ಪರೀಕ್ಷೆಯಿತ್ತು, ಈಗ ಹಗಲಿನ ತರಗತಿಗೆ ಕ್ಯಾಟ್ ಅಂಕವೇ ಬೇಕು. ಪೈಪೋಟಿ ವಿಪರೀತ. ಆದರೆ ನಮ್ಮ ಬಾಗಿಲಲ್ಲೇ ಇನ್ನೊಂದು ವಿಶ್ವವಿದ್ಯಾಲಯವಿದೆ. 1998ರಲ್ಲಿ ದೆಹಲಿ ಸರಕಾರ ಸ್ಥಾಪಿಸಿದ ಗುರು ಗೋಬಿಂದ್ ಸಿಂಗ್ ಇಂದ್ರಪ್ರಸ್ಥ ವಿಶ್ವವಿದ್ಯಾಲಯ, ಕಾಶ್ಮೀರಿ ಗೇಟಿನಿಂದ ಶುರುವಾಗಿ ಆಮೇಲೆ ದ್ವಾರಕಾಕ್ಕೆ ಬಂದದ್ದು. ಅಲ್ಲೂ ಒಂದು ನಿರ್ವಹಣಾ ಶಾಲೆಯಿದೆ. ನಮ್ಮ ಸಿ-4 ಬ್ಲಾಕಿನ ಮಹಾರಾಜಾ ಸೂರಜ್‌ಮಲ್ ಸಂಸ್ಥೆ ಅದಕ್ಕೇ ಸೇರಿದ್ದು. ಪಡಸಾಲೆಯಲ್ಲಿ ಕೂತು ಅಹಮದಾಬಾದಿನ ಕನಸು ಕಾಣುವ ಹುಡುಗರು ನಡೆದು ಹೋಗುವಷ್ಟು ದೂರದಲ್ಲಿರುವುದನ್ನು ವಿಚಾರಿಸಿಯೂ ನೋಡುವುದಿಲ್ಲ.

ಈಗಾಗಲೇ ಕೆಲಸಕ್ಕೆ ಸೇರಿ, "ಓದೋದು ತಪ್ಪಿಹೋಯಿತು ಅಂಕಲ್" ಎನ್ನುವ ನಿಮ್ಮಲ್ಲಿ ಕೆಲವರಿಗೆ ಇದೊಂದು ವಿಷಯ. ಗುರುಗ್ರಾಮ, ನೊಯ್ಡಾದ ಆಫೀಸುಗಳಲ್ಲಿ ಕಣ್ಣು ಸವೆಸುವವರು ನೀವು. ಕೆಂಪು ಕಟ್ಟಡದಲ್ಲಿ ಕೆಲಸದಲ್ಲಿರುವವರ ಸಂಜೆಯ ಎಂಬಿಎ ಇಂದಿಗೂ ನಡೆಯುತ್ತಿದೆ. ಸೇರಲು ದುಡಿದ ಅನುಭವ ಬೇಕು. ಅದೇ ಅಲ್ಲಿನ ಮೊದಲ ದಾರಿ, ಹಗಲಿನದು ಆಮೇಲೆ ಬಂದದ್ದು ಎಂಬುದು ನಿಮಗೀಗ ಗೊತ್ತು. ಮದುವೆಯಾದವರು ಅರ್ಜಿ ಹಾಕುವ ಮುನ್ನ ಮನೆಯಲ್ಲಿ ಕೇಳಿ. ಮೂರು ವರ್ಷ ಹಾಲು ತರುವವರು ಯಾರು ಎಂಬುದು ನಮ್ಮ ಕಾಲದಲ್ಲಿ ಕೇಳದೆಯೇ ತೀರ್ಮಾನವಾಗಿಬಿಡುತ್ತಿತ್ತು. ಈಗ ಹಾಗೆ ನಡೆಯುವುದಿಲ್ಲ, ನಡೆಯಬಾರದು ಕೂಡ.

ಹೋಗಿಬರುವ ದಾರಿಯೂ ಈಗ ಸುಲಭ. ವಿಶ್ವವಿದ್ಯಾಲಯದ ಮೆಟ್ರೋ ನಿಲ್ದಾಣ 2004ರ ಕೊನೆಗೆ ತೆರೆಯಿತು, ನಮ್ಮ ಜನಕಪುರಿ ಪಶ್ಚಿಮಕ್ಕೆ ರೈಲು ಬಂದದ್ದು 2005ರ ಡಿಸೆಂಬರ್ 31ರಂದು. ರಾಜೀವ್ ಚೌಕದಲ್ಲಿ ಒಮ್ಮೆ ಬದಲಿಸಿದರಾಯಿತು. ಪರೀಕ್ಷೆ ಗಿರೀಕ್ಷೆ ಏನೂ ಇಲ್ಲದ ಒಂದು ದಿನ ಸುಮ್ಮನೆ ಹೋಗಿ ಬನ್ನಿ. ಕೆಂಪು ಕಟ್ಟಡ ನೋಡಿ, ಹಾಗೇ ನಡೆದು ಡೆಲ್ಲಿ ಸ್ಕೂಲಿಗೆ ಹೋಗಿ, ರತನ್ ಟಾಟಾ ಗ್ರಂಥಾಲಯ ಎಲ್ಲಿದೆಯೆಂದು ಕೇಳಿ. ಹಸಿವಾದರೆ ಅಲ್ಲಿನ ಕ್ಯಾಂಟೀನು ಇದೆ. ಆ ಕ್ಯಾಂಟೀನಿನ ಹೆಸರುವಾಸಿ ತಿನಿಸು ಯಾವುದು ಗೊತ್ತೇ? ಮಟನ್ ದೋಸೆ! ಆಲೂಗಡ್ಡೆ ಪಲ್ಯದ ಜಾಗದಲ್ಲಿ ಏನಿರುತ್ತದೆಂದು ಹೆಸರಿನಿಂದಲೇ ತಿಳಿಯುತ್ತದೆ. ತಿನ್ನುವುದು ಬಿಡುವುದು ನಿಮ್ಮಿಷ್ಟ. ತಿಂದರೆ ಮಾತ್ರ, ಕಳಿಸಿದ್ದು ಯಾರೆಂದು ಮನೆಯಲ್ಲಿ ಅಜ್ಜಿಯ ಮುಂದೆ ನನ್ನ ಹೆಸರು ಹೇಳಬೇಡಿ.